ಮಣಿಯಮ್ಮನ ಕಪ್ಪೆ

ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ನಾನು ಮೂವತ್ತೆಂಟು ವರ್ಷ ಚೀಟಿ ಬರೆದೆ. ಚೀಟಿ ಎಂದರೆ ಜಾಡಿಯೊಳಗೆ, ಸತ್ತ ಜೀವದ ಜೊತೆಗೆ, ಮದ್ಯಸಾರದಲ್ಲಿ ಮುಳುಗಿರುವ ಕಾಗದದ ತುಂಡು. ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು, ಯಾರು ಹಿಡಿದರು ಎಂದು ಅದರಲ್ಲಿ ಬರೆದಿರುತ್ತದೆ. ಜಾಡಿಯ ಹೊರಗೆ ಅಂಟಿಸಿದ ಕಾಗದ ಕಾಲಕ್ರಮದಲ್ಲಿ ಉದುರಿಹೋಗುತ್ತದೆ, ಮುಚ್ಚಳ ಸಡಿಲವಾಗುತ್ತದೆ, ಬರೆದವನೂ ಹೋಗುತ್ತಾನೆ. ಒಳಗಿನ ಚೀಟಿ ಉಳಿಯುತ್ತದೆ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟಳೆ ಉಂಟು. ಒಮ್ಮೆ ಜಾಡಿಗೆ ಇಳಿದ ಚೀಟಿಯನ್ನು ಯಾರೂ ಹೊರಗೆ ತೆಗೆಯಕೂಡದು. ಅದರಲ್ಲಿ ತಪ್ಪಿದ್ದರೆ ಇನ್ನೊಂದು ಚೀಟಿ ಬರೆದು, ಹೆಸರು ತಾರೀಖು ಹಾಕಿ, ಹಳೆಯದರ ಜೊತೆಗೇ ಇಳಿಸಬೇಕು. ಕೆಲವು ಜಾಡಿಗಳಲ್ಲಿ ಒಂದೇ ಹಲ್ಲಿಗೆ ಐದು ಚೀಟಿಗಳಿವೆ. ಐದು ತಲೆಮಾರಿನ ಪಂಡಿತರ ಜಗಳ ಅಲ್ಲಿ ತಣ್ಣಗೆ ಕೂತಿದೆ. ಚೀಟಿ ಇಲ್ಲದ ಜಾಡಿಯನ್ನು ನಾವು ತಬ್ಬಲಿ ಎನ್ನುತ್ತೇವೆ. ತಬ್ಬಲಿಗಳಿಗೆ ಬಾಗಿಲ ಪಕ್ಕ ಬೇರೆ ಕಪಾಟು. ವರ್ಷಕ್ಕೊಮ್ಮೆ ಅವನ್ನು ವಿದ್ಯಾರ್ಥಿಗಳಿಗೆ ಕೊಯ್ದು ಕಲಿಯಲು ಕೊಟ್ಟುಬಿಡುತ್ತಾರೆ.

ಹೊಸಬರು ಕೆಲಸಕ್ಕೆ ಬಂದಾಗ ಈ ಕಟ್ಟಳೆಯನ್ನು ಹೇಳಿಕೊಡುತ್ತಿದ್ದವನು ನಾನು. ಅದನ್ನು ಮುರಿದವನೂ ನಾನೇ.

ನನ್ನ ಹೆಂಡತಿಯೂ ಅದೇ ನೆಲಮಾಳಿಗೆಯಲ್ಲಿ, ನನ್ನ ಮೇಜಿನಿಂದ ಎರಡು ಮೇಜು ಆಚೆ ಕೂತು ಕಪ್ಪೆಗಳ ಎಲುಬು ಎಣಿಸುತ್ತಿದ್ದಳು. ಕಪ್ಪೆಯ ಮಾಂಸವನ್ನು ಮದ್ದಿನಲ್ಲಿ ಗಾಜಿನಂತೆ ತಿಳಿಯಾಗಿಸಿ, ಎಲುಬಿಗೆ ಮಾತ್ರ ಕೆಂಪು ಬಣ್ಣ ಹಿಡಿಸಿ, ದೀಪದ ಮುಂದೆ ಇಟ್ಟು ಬೆನ್ನುಮಣಿಗಳನ್ನು ಎಣಿಸುವುದು ಅವಳ ಕೆಲಸ. ಅದಕ್ಕೇ ಎಲ್ಲರೂ ಅವಳನ್ನು ಮಣಿಯಮ್ಮ ಎಂದರು. ನಾಲ್ಕು ವರ್ಷ ಕಳೆಯುವುದರೊಳಗೆ ನಾನೂ ಹಾಗೆಯೇ ಕರೆಯತೊಡಗಿದೆ.

ಅವಳಿಗೆ ಒಂದು ಕಪ್ಪೆ ಮನೆತನದ ಮೇಲೆ ಬಲು ಮಮತೆ. ಕಪ್ಪೆಗಳಲ್ಲೆಲ್ಲ ಅದು ತೀರ ಹಳೆಯದು. ಬೇರೆ ಕಪ್ಪೆಗಳಿಗೆ ಸೊಂಟದ ಮುಂದೆ ಎಂಟು ಬೆನ್ನುಮಣಿ, ಕೆಲವಕ್ಕೆ ಇನ್ನೂ ಕಡಿಮೆ. ಈ ಮನೆತನಕ್ಕೆ ಒಂಬತ್ತು. ಇವು ನೆಗೆದರೆ ಮುಂಗಾಲು ಊರಲು ಬಾರದೆ ಹೊಟ್ಟೆಯ ಮೇಲೆ ದಪ್ಪೆಂದು ಬೀಳುತ್ತವೆ. ಬೇರೆ ಕಪ್ಪೆಗಳ ಹಾಗೆ ವಟಗುಟ್ಟಿ ಜೊತೆಯನ್ನು ಕರೆಯುವುದಿಲ್ಲ. ಬಾಲವಿಲ್ಲ, ಆದರೆ ಬಾಲ ಆಡಿಸುವ ಸ್ನಾಯು ಹಾಗೆಯೇ ಇದೆ.

"ನೋಡಿ, ಬಾಲ ಹೋಗಿ ಯಾವ ಕಾಲವಾಯ್ತು, ಆಡಿಸೋ ಆಸೆ ಮಾತ್ರ ಹೋಗಿಲ್ಲ," ಎಂದು ಅವಳು ಒಮ್ಮೆ ಕೊಯ್ದು ತೋರಿಸಿದ್ದಳು.

ಅವಳು ಹೋಗಿ ಹನ್ನೊಂದು ತಿಂಗಳಾಯಿತು. ಈಗಲೂ ಬೆಳಿಗ್ಗೆ ನನ್ನ ಕೈ ಎರಡು ಲೋಟ ತೊಳೆದು ಇಡುತ್ತದೆ.

ಅವನು ಕೊಟ್ಟದ್ದನ್ನು ಅವನೇ ಕರೆದುಕೊಂಡ. ನಾನು ದೇವರೊಡನೆ ಜಗಳಕ್ಕೆ ನಿಂತವನಲ್ಲ. ಬೆಳಿಗ್ಗೆ ಸಂಜೆ ಪ್ರಾರ್ಥನೆಯ ಪುಸ್ತಕ ತೆರೆಯುತ್ತೇನೆ, ಅವಳ ಹೆಸರು ಹೇಳುತ್ತೇನೆ. ಆದರೆ ಮೊದಲ ತಿಂಗಳಲ್ಲೇ ಒಂದು ಮಾತು ತಿಳಿದು ದಿಗಿಲಾಯಿತು. ಮನೆಯಲ್ಲಿ ಅವಳ ಕೈಬರಹ ಒಂದಕ್ಷರವೂ ಇರಲಿಲ್ಲ. ಒಂದೇ ಸೂರಿನಡಿ ಕೆಲಸ, ಒಂದೇ ಸೂರಿನಡಿ ಮನೆ. ನಾವು ಒಬ್ಬರಿಗೊಬ್ಬರು ಯಾವ ಕಾಗದ ಬರೆಯಬೇಕಿತ್ತು? ಸಂಗ್ರಹಾಲಯದಲ್ಲೂ ಅಷ್ಟೆ. ಅವಳು ಗೀಚಿಕೊಂಡು ತಂದ ಹರಕು ಕಾಗದ ನೋಡಿ ನಾನು ದುಂಡಗೆ ಚೀಟಿ ಬರೆಯುತ್ತಿದ್ದೆ. ಆ ಚೀಟಿ ಜಾಡಿಗೆ, ಹರಕು ಕಾಗದ ಬುಟ್ಟಿಗೆ. ಸಾವಿರ ಜಾಡಿಗಳಲ್ಲಿ ಅವಳ ಮಾತಿದೆ, ನನ್ನ ಅಕ್ಷರದಲ್ಲಿ. ಅವಳ ಕೈಯನ್ನು ಈ ಲೋಕದಿಂದ ಒರೆಸಿಹಾಕಿದವನು ಬೇರೆ ಯಾರೂ ಅಲ್ಲ.

ಒಂದು ಚೀಟಿಯನ್ನು ಮಾತ್ರ ಅವಳು ನನ್ನ ಕೈಗೆ ಕೊಟ್ಟಿರಲಿಲ್ಲ.

ನಲವತ್ತೊಂದು ವರ್ಷದ ಹಿಂದಿನ ಮಾತು. ಬೆಟ್ಟಕ್ಕೆ ಹೋಗಿ ಜೀವಗಳನ್ನು ತರುತ್ತಿದ್ದವನ ಕಾಲು ಮುರಿದಿತ್ತು. ಅವನ ಬದಲು ನಮ್ಮಿಬ್ಬರನ್ನು ಕಳಿಸಿದರು. ಹತ್ತುವ ದಾರಿಯ ಮೂರನೆಯ ಒರತೆಯಿಂದ ಮೇಲೆ ಒಂದು ಚಪ್ಪಟೆ ಕಲ್ಲು. ನಾನು ಕಲ್ಲನ್ನು ಎತ್ತಿ ಹಿಡಿದೆ, ಅವಳು ಮೊಣಕಾಲೂರಿ ಬಗ್ಗಿದಳು. ಹೆಬ್ಬೆಟ್ಟಿನಷ್ಟು ದೊಡ್ಡ ಒಂದು ಗಂಡು ಕಪ್ಪೆ, ಮೊಟ್ಟೆಯ ಗೊಂಚಲಿನ ಮೇಲೆ ಅಲ್ಲಾಡದೆ ಕೂತಿತ್ತು. ಮೊಟ್ಟೆಯೊಳಗೆ ನಾಲ್ಕು ಕಾಲು ಮೂಡಿದ ಮರಿಗಳು, ಗಾಜಿನಂಥ ಪುಟ್ಟ ಬಾಲ ಆಡಿಸುತ್ತಿದ್ದವು.

"ಅಪ್ಪ ಕಾವು ಕೂತಿದಾನೆ, ನೋಡಿ," ಎಂದಳು.

"ಕಲ್ಲು ಭಾರ ಕಣೇ. ಬೇಗ ನೋಡು."

"ಒಂದು ಗಳಿಗೆ ಹಿಡ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ? ಅವನು ಎಷ್ಟು ದಿನದಿಂದ ಕೂತಿದಾನೋ."

ಕಲ್ಲನ್ನು ಮೆಲ್ಲಗೆ ಇಳಿಸಿ, ಅದು ಕೂಗುತ್ತದೆಯೋ ಎಂದು ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕೂತೆವು. ಕೂಗಲಿಲ್ಲ. "ನಿಮ್ಮ ಜಾತಿಯವನೇ. ಹೊಟ್ಟೇಲಿ ಏನಿದ್ರೂ ಬಾಯಿ ಬಿಡಲ್ಲ," ಎಂದು ಅವಳು ನಕ್ಕಳು. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ನಮಗೆ ಮಕ್ಕಳಿರಲಿಲ್ಲ. ಸಂಜೆ ಹೊರಡುವ ಹೊತ್ತಿಗೆ, ಜೀವ ತೆಗೆಯುವ ಮೊದಲು ನಾನು ಎಂದಿನಂತೆ ಕಣ್ಣು ಮುಚ್ಚಿ ಕ್ಷಮೆ ಕೇಳಿದೆ. ಯಾವಾಗಲೂ ಸುಮ್ಮನೆ ಕಾಯುತ್ತಿದ್ದವಳು ಅವತ್ತು ತಾನೂ ಕಣ್ಣು ಮುಚ್ಚಿದ್ದಳು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಪೆನ್ಸಿಲಿನಲ್ಲಿ ಚೀಟಿ ಬರೆದಳು.

"ಕೊಡು, ಊರಿಗೆ ಹೋಗಿ ಚೆನ್ನಾಗಿ ಬರೀತೀನಿ."

"ಬೇಡ. ಇದು ಹೀಗೇ ಇರಲಿ."

ಹಿಂತಿರುಗಿದ ಮೇಲೆ ಸಂಗ್ರಹಾಲಯದ ಅಂದಿನ ಹಿರಿಯ ಪಂಡಿತರಿಗೆ ಜಾಡಿ ತೋರಿಸಿದಳು. ಆ ಮನೆತನದಲ್ಲಿ ಎರಡು ಬಗೆ. ತೊರೆಯ ಕಪ್ಪೆಗಳು ನೀರಿನಲ್ಲಿ ಮೊಟ್ಟೆಯಿಡುತ್ತವೆ. ಅವುಗಳ ಗೊದಮೊಟ್ಟೆ ಬಾಯಿಂದ ಕಲ್ಲು ಕಚ್ಚಿಕೊಂಡು ಬೆಳೆಯುತ್ತದೆ. ಪಾಚಿಯ ಕಪ್ಪೆಗಳಲ್ಲಿ ಗೊದಮೊಟ್ಟೆಯ ಕಾಟವೇ ಇಲ್ಲ. ಅಪ್ಪ ನೆಲದ ಮೇಲೆ ಕಾವು ಕೂರುತ್ತಾನೆ, ಮೊಟ್ಟೆಯಿಂದ ನೇರ ಮರಿ. ನಮ್ಮ ಕಪ್ಪೆಯ ಮೈಕಟ್ಟು ಪೂರಾ ತೊರೆಯದು, ಸಂಸಾರ ಪಾಚಿಯದು. ಹಿರಿಯರು ನಕ್ಕುಬಿಟ್ಟರು. "ಯಾವುದೋ ಮೊಟ್ಟೇನ ಯಾವುದೋ ಕಪ್ಪೆ ಜೊತೆ ಸೇರಿಸಿದೀರ ತಾಯಿ," ಎಂದರು. ಅವಳು ಜಾಡಿಯನ್ನು ಕಪಾಟಿನಲ್ಲಿಟ್ಟಳು. ನೋಂದಣಿ ಪುಸ್ತಕದಲ್ಲಿ 'ಗಂಡು ಕಪ್ಪೆ ಒಂದು, ಮೊಟ್ಟೆ ಒಂದು ಗೊಂಚಲು' ಎಂದಷ್ಟೇ ನನ್ನಿಂದ ಬರೆಸಿದಳು. ಉಳಿದದ್ದನ್ನೂ ಹೇಳು, ಬರೆಯುತ್ತೇನೆ ಎಂದೆ. "ಚೀಟಿಯಲ್ಲಿದೆ. ಹೇಳಿದ್ದನ್ನೇ ಹೇಳೋಕೆ ನಾನೇನು ಕಿಸಬಾಯಿ ದಾಸನಾ?" ಎಂದಳು.

ಅವಳು ಹೋದ ಮೇಲೆ, ವಾರಕ್ಕೆರಡು ದಿನ ಜಾಡಿಗಳಿಗೆ ಮದ್ಯಸಾರ ತುಂಬಲು, ನಿವೃತ್ತನಾಗಿದ್ದ ನನ್ನನ್ನು ಮತ್ತೆ ಕರೆದರು. ಮದ್ಯಸಾರ ಎಷ್ಟು ಬಿಗಿ ಮುಚ್ಚಳವಿದ್ದರೂ ಆವಿಯಾಗುತ್ತದೆ. ಯಾರಾದರೂ ತುಂಬುತ್ತಲೇ ಇರಬೇಕು. ಒಂದು ಮಂಗಳವಾರ ಆ ಜಾಡಿಯ ಸರದಿ ಬಂತು. ಮುಚ್ಚಳ ತೆಗೆದೆ. ಚೀಟಿ ಗಾಜಿಗೆ ಒತ್ತಿಕೊಂಡು ನನ್ನತ್ತಲೇ ಮುಖ ಮಾಡಿತ್ತು. ಇಕ್ಕಳ ಕೈಯಲ್ಲೇ ಇತ್ತು. ಯೋಚಿಸಿದೆ ಎಂದರೆ ಸುಳ್ಳಾದೀತು. ಅಂದು ಸಂಜೆ ಆ ಚೀಟಿ ನನ್ನ ಪ್ರಾರ್ಥನೆಯ ಪುಸ್ತಕದೊಳಗಿತ್ತು.

ಹತ್ತು ತಿಂಗಳು ನಾನು ಆ ಪುಟ ತೆರೆದೇ ದೇವರ ಹೆಸರು ಹೇಳಿದೆ.

ಕಳೆದ ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೋದರೆ, ಆ ಜಾಡಿ ಸಂಶೋಧಕಿಯ ಮೇಜಿನ ಮೇಲಿತ್ತು. ಈಕೆ ಹೊಸಬಳು. ಕೊರಳಲ್ಲಿ ಸದಾ ಭೂತಗನ್ನಡಿ ತೂಗುಹಾಕಿಕೊಂಡು ಓಡಾಡುವುದರಿಂದ ಹಿಂದಿನಿಂದ ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಾರೆ. ಆ ಹಳೆಯ ಮನೆತನವನ್ನು ಹೊಸದಾಗಿ ವಿಂಗಡಿಸುವುದು ಅವಳಿಗೆ ಬಂದ ಕೆಲಸ.

"ಸರ್, ಬನ್ನಿ ಬನ್ನಿ. ಈ ಜಾಡಿಗೆ ಚೀಟಿನೇ ಇಲ್ಲ. ನೀವಿದ್ದ ಕಾಲದ್ದು, ಏನಾದ್ರೂ ನೆನಪಿದೆಯಾ?"

"ಯಾಕಮ್ಮಾ, ಇದರಿಂದ ಏನಾಗಬೇಕು?"

"ಏನಾಗಬೇಕು ಅಂತೀರಲ್ಲ! ತೊರೆಯವೂ ಪಾಚಿಯವೂ ಒಡಹುಟ್ಟಿದವೋ, ದೂರದ ದಾಯಾದಿಗಳೋ ಅನ್ನೋದೇ ಪ್ರಶ್ನೆ. ಒಂಬತ್ತು ಮಣಿ ಇಬ್ಬರಿಗೂ ಇದೆ, ಬಾಲದ ಸ್ನಾಯು ಇಬ್ಬರಿಗೂ ಇದೆ. ಆದ್ರೆ ಅದು ಮುತ್ತಾತನ ಆಸ್ತಿ ಸರ್. ಮುತ್ತಾತನ ಪಾತ್ರೆ ಇಬ್ಬರ ಮನೇಲೂ ಇದೆ ಅಂದ ಮಾತ್ರಕ್ಕೆ ಅವರು ಅಣ್ಣತಮ್ಮಂದಿರು ಅನ್ನೋಕಾಗುತ್ತಾ? ಉಳಿದೋರೆಲ್ಲ ಆ ಪಾತ್ರೆ ಮಾರ್ಕೊಂಡ್ರು, ಇವರಿಬ್ಬರು ಇಟ್ಕೊಂಡ್ರು, ಅಷ್ಟೆ. ಒಂದೇ ಮನೆ ಅನ್ನೋಕೆ ಬೇರೆ ಏನಾದ್ರೂ ಬೇಕು. ಇದು ನೋಡಿ, ಮೈ ಅವರದು, ಮೊಟ್ಟೆ ಇವರದು. ನಡುವಿನವನು!"

"ರಕ್ತಸಂಬಂಧದ ಪರೀಕ್ಷೆ ಅದೇನೋ ಮಾಡ್ತಾರಲ್ಲ?"

"ಹಳೇ ಮದ್ದಲ್ಲಿ ಹದ ಮಾಡಿರೋದು. ಏನೂ ಹೊರಡಲ್ಲ. ಬೆಟ್ಟಕ್ಕೇ ಹೋಗೋಣ ಅಂದ್ರೆ ಎಲ್ಲಿ ಅಂತ ಹುಡುಕಲಿ? ಈ ಮೊಟ್ಟೆ ಈ ಅಪ್ಪನದೇ, ಇಂಥ ಕಡೆ ಇಬ್ಬರೂ ಒಟ್ಟಿಗೇ ಇದ್ರು ಅಂತ ಕಂಡೋರು ಬರೆದಿಟ್ಟ ಒಂದು ಸಾಲು ಇದ್ದಿದ್ರೆ ಸಾಕಿತ್ತು." ಅವಳು ಜಾಡಿಯನ್ನು ಬೆಳಕಿಗೆ ತಿರುಗಿಸಿದಳು. "ಇಲ್ಲ ಅಂದ್ರೆ ಯಾರದೋ ಮೊಟ್ಟೆ, ಯಾರದೋ ಕಪ್ಪೆ. ಶುಕ್ರವಾರ ಪಟ್ಟಿ ಮುಗಿಸಬೇಕು. ಎರಡು ಮನೆ ಅಂತ ಬರೆದು ಇದನ್ನ ತಬ್ಬಲಿ ಕಪಾಟಿಗೆ ಕಳಿಸ್ತೀನಿ."

"ನೋಡೋಣ ಅಮ್ಮಾ," ಎಂದಷ್ಟೇ ಹೇಳಿ ಕೆಲಸಕ್ಕೆ ಹೋದೆ. ಅಂದು ಮೂರು ಜಾಡಿಗಳಿಗೆ ಮದ್ಯಸಾರ ಉಕ್ಕುವಷ್ಟು ಸುರಿದೆ.

ಎರಡು ದಿನ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಚೀಟಿಯ ಮಾತು ನನಗೆ ಬಾಯಿಪಾಠ. ಹಳೆಯ ಗಟ್ಟಿ ಕಾಗದ ನಾಲ್ಕು ಹಾಳೆ ಪೆಟ್ಟಿಗೆಯಲ್ಲಿತ್ತು. ಅಂದಿನ ಚೀಟಿಗಳನ್ನೆಲ್ಲ ಬರೆದವನು ನಾನೇ ಆದದ್ದರಿಂದ, ಇದನ್ನೂ ನನ್ನ ಅಕ್ಷರದಲ್ಲಿ, ಹಳೆಯ ತಾರೀಖು ಹಾಕಿ ಬರೆದು, ಕಪಾಟಿನ ಮೂಲೆಯಲ್ಲಿ ಸಿಕ್ಕಿತು ಎಂದು ಕೊಟ್ಟರೆ ಯಾರಿಗೆ ಅನುಮಾನ? ಮಾತು ಸುಳ್ಳಲ್ಲ, ಕಾಗದ ಮಾತ್ರ ಸುಳ್ಳು. ಕಪ್ಪೆಗೆ ಅದರ ಮನೆ ಸಿಗುತ್ತದೆ, ನನಗೆ ನನ್ನದು ಉಳಿಯುತ್ತದೆ. ದೇವರೂ ಇದಕ್ಕೆ ಕಣ್ಣು ಮುಚ್ಚಿಕೊಂಡಾನು ಎಂದುಕೊಂಡೆ.

ಗುರುವಾರ ಮಧ್ಯಾಹ್ನ ಕಿಟಕಿಯ ಬಳಿ ಕೂತು ಅರ್ಧ ಬರೆದಿದ್ದೆ. ನಾದಿನಿ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ನನ್ನ ಹೆಂಡತಿಯ ತಂಗಿ. ಅರವತ್ತು ದಾಟಿದರೂ ಅಕ್ಕ ಇಟ್ಟ ಗುಬ್ಬಿ ಎಂಬ ಹೆಸರೇ ಉಳಿದಿದೆ. ಮೇಲಿನ ಮಹಡಿಯಲ್ಲಿ ಮಗಳ ಮನೆಯಲ್ಲಿರುತ್ತಾಳೆ. ಬಾಗಿಲು ತಟ್ಟುವ ಅಭ್ಯಾಸ ಅವಳಿಗೆ ಇನ್ನೂ ಬಂದಿಲ್ಲ.

"ಭಾವಾ, ಒಗೆದ ಬಟ್ಟೆ ಇಲ್ಲಿಡ್ತೀನಿ. ಇದೇನು, ಮನೆಯೆಲ್ಲ ಸಾರಾಯಿ ಅಂಗಡಿ ವಾಸನೆ? ಈ ವಯಸ್ಸಲ್ಲಿ ಶುರು ಹಚ್ಕೊಂಡ್ರಾ?"

"ಸುಮ್ನಿರು ಗುಬ್ಬಿ."

"ದೇವರ ಪುಸ್ತಕದಿಂದ ಬರ್ತಿದೆ ವಾಸನೆ! ಅವನಿಗೂ ಕುಡಿಸ್ತಿದೀರಾ?" ಎನ್ನುತ್ತ ಹತ್ತಿರ ಬಂದವಳು ತೆರೆದ ಪುಟವನ್ನು ನೋಡಿದಳು. ಚೀಟಿಯನ್ನು ನೋಡಿದಳು. ನಗು ನಿಂತಿತು. "ಅಕ್ಕನ ಅಕ್ಷರ."

ನಾನು ಎಲ್ಲವನ್ನೂ ಹೇಳಿದೆ. ಉಪಾಯವನ್ನೂ ಹೇಳಿದೆ. ಅವಳು ಮಂಚದ ಅಂಚಿನಲ್ಲಿ ಕೂತು, ಕನ್ನಡಕ ಹಾಕಿಕೊಂಡು, ಚೀಟಿಯನ್ನು ಮುಟ್ಟದೆ ಮೆಲುದನಿಯಲ್ಲಿ ಓದಿದಳು.

'ಮೂರನೆಯ ಒರತೆಯಿಂದ ನಲವತ್ತು ಹೆಜ್ಜೆ ಮೇಲೆ, ಚಪ್ಪಟೆ ಕಲ್ಲಿನ ಅಡಿ. ಗಂಡು, ತನ್ನ ಮೊಟ್ಟೆಗಳ ಮೇಲೆ ಕಾವು ಕೂತಿತ್ತು. ಬಿಟ್ಟು ಓಡಲಿಲ್ಲ. ಮಧ್ಯಾಹ್ನವೆಲ್ಲ ಕಾದೆವು, ಕೂಗಲಿಲ್ಲ. ಹಿಡಿದವರು: ನಾವಿಬ್ಬರು.'

ಅದರ ಕೆಳಗೆ ಬೆಟ್ಟದ ಹೆಸರು, ತಾರೀಖು.

"ನಾವಿಬ್ಬರು ಅಂತ ಬರೆದಿದಾಳೆ. ಹೆಸರು ಹಾಕಬೇಕಲ್ವಾ ಭಾವಾ?"

"ಹಾಕಬೇಕು. ಕಟ್ಟಳೆ ಅದೇ. ಅವಳು ಹಾಕಲಿಲ್ಲ."

"ಹುಚ್ಚಿ," ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು ಬರೆಯುತ್ತಿದ್ದ ಅರ್ಧ ಕಾಗದವನ್ನು ಎತ್ತಿ ನೋಡಿದಳು. "ನಿಮ್ಮ ಅಕ್ಷರ ಚೆನ್ನಾಗಿದೆ ಭಾವಾ, ಯಾವಾಗಲೂ ಚೆನ್ನಾಗೇ ಇತ್ತು. ನನಗೆ ಒಂದು ಸೀರೆ ಕೊಟ್ಟುಹೋದಳು ಅಕ್ಕ, ಅದನ್ನ ಉಡೋಕೆ ಮನಸಿಲ್ಲ, ಮಡಿಸಿ ಇಟ್ಟಿದೀನಿ. ನಿಮ್ಮ ಸಂಕಟ ನನಗೆ ಗೊತ್ತಾಗಲ್ಲ ಅಂತಲ್ಲ. ಆದರೆ ಸೀರೆ ನನಗೆ ಕೊಟ್ಟದ್ದು. ಇದನ್ನ ಅವಳು ನಿಮಗೆ ಬರೆದುಕೊಟ್ಟದ್ದಲ್ಲ. ಆ ಕಪ್ಪೆಗೆ ಬರೆದುಕೊಟ್ಟದ್ದು."

ನಾನು ಪೆನ್ಸಿಲು ಕೆಳಗಿಟ್ಟೆ.

"ಬಿಟ್ಟು ಓಡಲಿಲ್ಲ ಅಂತ ಬರೆದಿದಾಳಲ್ಲ ಪಾಪ," ಎಂದು ಅವಳು ಎದ್ದಳು. "ಊಟ ಮೇಲೆ ಬಂದು ಮಾಡಿ. ಮಗಳು ಕಾಯ್ತಿದಾಳೆ."

ಅಂದು ಸಂಜೆ ಪ್ರಾರ್ಥನೆಗೆ ಕೂತೆ. ಮಾತು ಬರಲಿಲ್ಲ. ನಾಲ್ಕು ದಶಕ ತಪ್ಪದೆ ಬಂದ ಮಾತು ಅಂದು ತಪ್ಪಿತು. ದೇವರ ಮುಂದೆ ಕೂತು ನಾನು ಅವಳ ಅಕ್ಷರವನ್ನಷ್ಟೇ ನೋಡುತ್ತಿದ್ದೆ; ಹತ್ತು ತಿಂಗಳೂ ಮಾಡಿದ್ದು ಅದನ್ನೇ. ನನ್ನ ಅರ್ಧ ಬರೆದ ಕಾಗದವನ್ನು ಹರಿದು ಒಲೆಗೆ ಹಾಕಿದೆ.

ಶುಕ್ರವಾರ ಬೆಳಿಗ್ಗೆ ಸಂಶೋಧಕಿಯ ಮೇಜಿನ ಮುಂದೆ ನಿಂತು ಪುಸ್ತಕ ತೆರೆದೆ. ಮೇಲ್ವಿಚಾರಕನೂ ಅಲ್ಲೇ ಇದ್ದ. ಇಪ್ಪತ್ತು ವರ್ಷದ ಹಿಂದೆ ನನ್ನ ಕೈಕೆಳಗೆ ಕೆಲಸ ಕಲಿತವನು. ಇಂದಿಗೂ ಗುರುಗಳೇ ಎನ್ನುತ್ತಾನೆ.

"ಇದು ಆ ಜಾಡಿಯ ಚೀಟಿ. ತೆಗೆದವನು ನಾನು."

ಸಂಶೋಧಕಿ ಚೀಟಿ ಓದಿದಳು. ಇನ್ನೊಮ್ಮೆ ಓದಿದಳು. ಮುಖ ಕೆಂಪಾಯಿತು.

"ಮೂರು ದಿನ ನಿದ್ದೆಗೆಟ್ಟೆ ಸರ್ ನಾನು! ಇವತ್ತು ಸಂಜೆ ಇದು ತಬ್ಬಲಿ ಕಪಾಟಿಗೆ ಹೋಗ್ತಿತ್ತು. ಯಾರೋ ಕೊಯ್ದು ಬಿಸಾಕ್ತಿದ್ರು. ಮಂಗಳವಾರ ನಿಮ್ಮ ಎದುರಿಗೇ ಹೇಳಿದೆನಲ್ಲ, ಕಲ್ಲಿನ ಹಾಗೆ ನಿಂತಿದ್ರಿ!"

"ಹೌದಮ್ಮಾ. ನಿಂತಿದ್ದೆ."

"ಯಾಕೆ ಸರ್?"

"ನನ್ನ ಹೆಂಡತಿ ಬರೆದದ್ದು. ಅವಳ ಅಕ್ಷರ ಬೇರೆಲ್ಲೂ ಇಲ್ಲ."

ಅವಳು ಭೂತಗನ್ನಡಿಯನ್ನು ಹಿಡಿದು, ಹಿಡಿದವರು ಯಾರೆಂಬ ಸಾಲನ್ನು ನೋಡಿದಳು. "ನಾವಿಬ್ಬರು ಅಂದ್ರೆ?"

"ಅವಳು ಮತ್ತು ನಾನು. ಕಲ್ಲು ಎತ್ತಿ ಹಿಡಿದವನು ನಾನೇ."

"ಹಾಗಿದ್ರೆ ನೀವೂ ಕಂಡೋರು! ಕೂತ್ಕೊಳ್ಳಿ ಸರ್, ಮೊದಲು ಕೂತ್ಕೊಳ್ಳಿ. ಅದು ನಿಜವಾಗಿ ಮೊಟ್ಟೆ ಮೇಲೇ ಇತ್ತಾ, ಪಕ್ಕದಲ್ಲಾ? ನೀರು ಎಷ್ಟು ದೂರ? ಮರಿಗೆ ಬಾಲ ಎಷ್ಟಿತ್ತು?" ಎಂದು ಕಾಗದ ಎಳೆದುಕೊಂಡಳು. ಒಂದು ತಾಸು ಕೇಳಿದಳು, ಒಂದು ತಾಸು ಹೇಳಿದೆ. ಕಲ್ಲಿನ ತೂಕವನ್ನೂ ಹೇಳಿದೆ. ಹಾಗೆ ಮಣಿಯಮ್ಮನ ಬಗ್ಗೆ ನಾನು ಯಾರೊಡನೆಯೂ ಅಷ್ಟು ಹೊತ್ತು ಮಾತಾಡಿರಲಿಲ್ಲ.

ಮಾತು ಮುಗಿದ ಮೇಲೆ ಮೇಲ್ವಿಚಾರಕ ನೆಲ ನೋಡುತ್ತ ನಿಂತಿದ್ದ. "ಗುರುಗಳೇ, ನೀವೇ ಹೇಳಿಕೊಟ್ಟ ಕಟ್ಟಳೆ…" ಎಂದ.

"ನಿನಗೆ ಕೇಳೋಕೆ ಕಷ್ಟ ಆಗ್ತಿದೆ. ತಗೋ." ಕಪಾಟಿನ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟೆ. ಬೇಡ ಎನ್ನಲು ಅವನಿಂದ ಆಗಲಿಲ್ಲ, ಆಗಬಾರದೂ ಕೂಡ. ಹಾಗೆ ಕಲಿಸಿದವನು ನಾನೇ. "ಇನ್ನೊಂದು ಚೀಟಿ ಬರೆಯೋಕೆ ಅಪ್ಪಣೆ ಕೊಡಪ್ಪಾ. ಇದೇ ಕೊನೆ."

ನನ್ನ ಹಳೆಯ ಮೇಜಿನಲ್ಲಿ ಕೂತು ಪೆನ್ಸಿಲು ಚೂಪು ಮಾಡಿ, ದುಂಡಗೆ ಬರೆದೆ. 'ಹಳೆಯ ಚೀಟಿಯಲ್ಲಿ ನಾವಿಬ್ಬರು ಎಂದಿರುವುದು,' ಎಂದು ಬರೆದು ಅವಳ ಪೂರ್ತಿ ಹೆಸರು, ಅದರ ಪಕ್ಕಕ್ಕೆ ನನ್ನದು. 'ಮೊಟ್ಟೆಗಳು ಈ ಗಂಡಿನವೇ. ಕಣ್ಣಾರೆ ಕಂಡಿದ್ದೇನೆ. ಆ ಚೀಟಿ ಹತ್ತು ತಿಂಗಳು ಈ ಜಾಡಿಯಿಂದ ಹೊರಗಿತ್ತು. ತೆಗೆದವನೂ ಮರಳಿ ಇಟ್ಟವನೂ ನಾನು.' ತಾರೀಖು ಹಾಕಿದೆ, ಅಂದಿನದೇ.

ಸಂಶೋಧಕಿ ಇಕ್ಕಳ ಕೊಟ್ಟಳು. ಮಣಿಯಮ್ಮನ ಚೀಟಿ ಮೊದಲು ಮೇಲೆ ತೇಲಿತು. ಆಮೇಲೆ ನೆನೆದು, ಮೆಲ್ಲಗೆ ವಾಲಿ, ಕಪ್ಪೆಯ ಬೆನ್ನಿಗೆ ತಾಗಿ ನಿಂತಿತು. ನನ್ನದು ಅದರ ಹಿಂದೆ ಇಳಿಯಿತು.

"ಅಕ್ಷರ ಹೊರಗೆ ಕಾಣೋ ಹಾಗೆ ತಿರುಗಿಸಲಾ ಸರ್?"

"ಬೇಡಮ್ಮಾ. ಹಾಗೇ ಇರಲಿ. ಒಳಗೆ ನೋಡ್ತಿರಲಿ."

ಅವಳು ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದಳು. ಪಟ್ಟಿಯಲ್ಲಿ ಬರೆದಿದ್ದ ಎರಡು ಮನೆಗಳನ್ನು ಹೊಡೆದುಹಾಕಿ, ಮೇಲೆ ಒಂದು ಎಂದು ಬರೆದದ್ದನ್ನು ನಾನು ನೋಡಿದೆ. ನನ್ನ ಕಡೆ ನೋಡದೆಯೇ, "ಮಳೆ ನಿಂತ ಮೇಲೆ ಆ ಒರತೆ ಹುಡುಕ್ಕೊಂಡು ಹೋಗ್ತೀನಿ. ದಾರಿ ಕೇಳೋಕೆ ನಿಮ್ಮ ಮನೆಗೆ ಬರಬೇಕು. ಕೋಪ ಇನ್ನೂ ಇದೆ ಸರ್, ಆದ್ರೂ ಬರ್ತೀನಿ," ಎಂದಳು.

ಮನೆಗೆ ಬಂದು ಕೈಕಾಲು ತೊಳೆದು ಪುಸ್ತಕ ತೆರೆದೆ. ಅದು ತಾನಾಗಿ ಅದೇ ಪುಟಕ್ಕೆ ತೆರೆದುಕೊಂಡಿತು. ಚೀಟಿ ಇದ್ದ ಜಾಗದಲ್ಲಿ ಕಂದು ಬಣ್ಣದ ಒಂದು ಚೌಕ ಮೂಡಿತ್ತು, ವಾಸನೆಯೂ ಹೋಗಿರಲಿಲ್ಲ. ಹತ್ತು ತಿಂಗಳು ಚೀಟಿಯ ಕೆಳಗೆ ಮುಚ್ಚಿಹೋಗಿದ್ದ ನಾಲ್ಕು ಸಾಲು ಆ ಚೌಕದೊಳಗೆ ಕಂಡವು. ಅವನ್ನು ಓದಿದೆ. ಅವಳ ಹೆಸರು ಹೇಳಿದೆ. ಮೇಲಿನಿಂದ ಗುಬ್ಬಿ ಊಟಕ್ಕೆ ಕೂಗುತ್ತಿದ್ದಳು. ನಾನು ಇನ್ನೊಂದು ಗಳಿಗೆ ಹಾಗೆಯೇ ಕೂತಿದ್ದೆ.